ಸಾಮುವಿನ ಮಾತ್ರೆ, ಅಪ್ಪನ ಸಾಕ್ಷಿ

ಅಮ್ಮ ಮಾತ್ರೆ ಪುಡಿ ಮಾಡುವಾಗ ಬಾಗಿಲಲ್ಲಿ ಕೂತು ಕಾಯುವುದು ನನ್ನ ಕೆಲಸವಾಗಿತ್ತು. ನನ್ನ ವಯಸ್ಸಿನ ಬೇರೆ ಹುಡುಗಿಯರಿಗೆ ನೀರು ಹಿಡಿಯುವುದು, ಕಸ ಗುಡಿಸುವುದು, ಬಾಗಿಲಿಗೆ ರಂಗೋಲಿ ಹಾಕುವುದು ಎಂಬ ಕೆಲಸಗಳಿದ್ದವು. ನೀರು, ಕಸ ನನಗೂ ಇದ್ದವು. ಅವು ತಪ್ಪಿದರೆ ಬೈಗುಳ ಬೀಳುತ್ತಿತ್ತು, ಅಲ್ಲಿಗೆ ಮುಗಿಯಿತು. ಬಾಗಿಲು ಕಾಯುವುದು ತಪ್ಪಿದರೆ ಏನಾಗುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಹೇಳದೆ ಬಿಟ್ಟದ್ದೇ ನನಗೆ ಹೆದರಿಕೆ, ಬೀದಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಒಳಗೆ ಅಮ್ಮ ಎರಡು ಚಮಚಗಳ ನಡುವೆ ಅರ್ಧ ಮಾತ್ರೆ ಇಟ್ಟು ಒತ್ತುತ್ತಿದ್ದಳು. ಆ ಪುಡಿಗೆ ಒಂದು ಚಿಟಿಕೆ ಸಕ್ಕರೆ ಸೇರಿಸಿ, ಕಿವುಚಿದ ಬಾಳೆಹಣ್ಣಿನೊಳಗೆ ಮುಚ್ಚಿ, ನನ್ನ ತಮ್ಮ ಸಾಮುವಿನ ಬಾಯಿಗೆ ಇಡುತ್ತಿದ್ದಳು. ಅವನಿಗೆ ಆಗ ಮೂರು ವರ್ಷ. ತಾನು ತಿನ್ನುವುದು ಮಾತ್ರೆ ಎಂದು ಅವನಿಗೆ ಗೊತ್ತಿರಲಿಲ್ಲ. ‘ಅಮ್ಮನ ಸಕ್ಕರೆ’ ಎನ್ನುತ್ತಿದ್ದ. ಒಂದು ದಿನ ಅಪ್ಪನ ಎದುರಿಗೇ ಅಮ್ಮನ ಸಕ್ಕರೆ ಕೊಡು ಎಂದು ಹಟ ಹಿಡಿದರೆ ಏನು ಗತಿ ಎಂಬುದು ನನ್ನ ಇನ್ನೊಂದು ಹೆದರಿಕೆ.

ನಮ್ಮದು ಕೊಯಮತ್ತೂರಿನ ಹತ್ತಿರ, ಸೋಮನೂರಿನಿಂದ ಪಲ್ಲಡದ ಕಡೆ ಹೋಗುವ ರಸ್ತೆಯ ಪಕ್ಕದ ಲೈನ್ ಮನೆ. ಒಂದೇ ಗೋಡೆಯನ್ನು ಹಂಚಿಕೊಂಡು ಸಾಲಾಗಿ ಕೂತ ಮನೆಗಳವು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಯ ಜಾಗ, ತಲೆಯ ಮೇಲೆ ಸಿಮೆಂಟ್ ಶೀಟು. ಎದುರಿಗೇ ಅಪ್ಪ ಕೆಲಸ ಮಾಡುವ ಪವರ್‌ಲೂಮ್ ಶೆಡ್ಡು. ಅದರ ಸದ್ದು ಹಗಲಿರುಳೂ ನಮ್ಮ ಗೋಡೆಯೊಳಗೆ ಇರುತ್ತಿತ್ತು. ತಟ್ಟೆಯಲ್ಲಿನ ಸಾರು ಕೂಡ ಸಣ್ಣಗೆ ನಡುಗುತ್ತಿತ್ತು. ಬೇರೆ ಕಡೆಯಿಂದ ಬಂದ ನೆಂಟರು ಆ ಸದ್ದಿಗೆ ತಲೆ ಹಿಡಿದುಕೊಂಡು ಕೂರುತ್ತಿದ್ದರು. ನನಗೆ ಹೆದರಿಕೆಯಾಗುತ್ತಿದ್ದದ್ದು ಸದ್ದು ನಿಂತಾಗ. ಕರೆಂಟು ಹೋಗಿ ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದರೆ ಎದ್ದು ನಿಲ್ಲುತ್ತಿದ್ದೆ. ಕರೆಂಟು ಹೋದರೆ ಅಪ್ಪ ಟೀ ಕುಡಿಯಲು ಮನೆಗೆ ಬರುತ್ತಾನೆ. ಆಗ ಒಳಗೆ ಚಮಚಗಳು ಇನ್ನೂ ತೊಳೆಯದೆ ಇದ್ದರೆ? ಇವತ್ತಿಗೂ ಯಾರ ಮನೆಗೆ ಹೋದರೂ ಬಾಗಿಲು ಕಾಣುವ ಹಾಗೆಯೇ ಕೂರುತ್ತೇನೆ. ನನ್ನ ಗಂಡ ಇದನ್ನು ನೋಡಿ, ನಿಮ್ಮ ವಂಶದಲ್ಲಿ ಯಾರಾದರೂ ಪೊಲೀಸರಿದ್ದರಾ ಎಂದು ರೇಗಿಸುತ್ತಾನೆ.

ಅಪ್ಪ ಹೊಡೆಯುವವನಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಕುಡಿಯುವವನೂ ಅಲ್ಲ. ಅಷ್ಟು ಒಳ್ಳೆಯ ಮನುಷ್ಯನಿಗೆ ನಾವು ಅಷ್ಟು ಹೆದರಿದೆವೆಂದರೆ ಕಾರಣ ಒಂದೇ, ಅವನಿಗೆ ಯಾವುದನ್ನೂ ಅರ್ಧ ಮಾಡಿ ಗೊತ್ತಿರಲಿಲ್ಲ. ನಾವು ತಲೆಮಾರುಗಳ ಹಿಂದೆ ಆ ತಮಿಳು ಸೀಮೆಗೆ ಹೋಗಿ ನೆಲೆನಿಂತ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಕನ್ನಡಕ್ಕೆ ಬಾಯಿ ಮಾತ್ರ ಇತ್ತು, ಅಕ್ಷರ ಇರಲಿಲ್ಲ. ನಾನು ಈ ಲಿಪಿ ಕಲಿತದ್ದು ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಮೇಲೆ, ಮಗಳ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು. ಮನೆದೇವರು ಚೌಡಮ್ಮ. ಹಬ್ಬದಲ್ಲಿ ಎದೆಗೆ ಕತ್ತಿ ಬಡಿದುಕೊಂಡು ತಾಯಿಯನ್ನು ಕರೆತರುವ ಗಂಡಸರಲ್ಲಿ ಅಪ್ಪ ಎಲ್ಲರಿಗಿಂತ ಮುಂದೆ ಇರುತ್ತಿದ್ದನಂತೆ. ಉಳಿದವರು ಕತ್ತಿ ತಾಗಿಸಿದರೆ ಇವನು ಬಡಿಯುತ್ತಿದ್ದ. ಆ ಗೆರೆಗಳು ಅವನ ಎದೆಯ ಮೇಲೆ ಕೊನೆಯವರೆಗೂ ಇದ್ದವು. ಸಾಮು ಅಂಬೆಗಾಲಿಡುವಾಗ ಅವನಿಗೆ ಫಿಟ್ಸ್ ಶುರುವಾಯಿತು. ಮೊದಲು ಜ್ವರ ಬಂದಾಗ, ಆಮೇಲೆ ಜ್ವರವಿಲ್ಲದೆಯೂ. ಕೊಯಮತ್ತೂರಿನ ದೊಡ್ಡಾಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟು, ವರ್ಷಗಟ್ಟಲೆ ಕೊಡಬೇಕು, ಕೇಳದೆ ನಿಲ್ಲಿಸಬೇಡಿ ಎಂದರು. ಅದೇ ದಿನಗಳಲ್ಲಿ ಶೆಡ್ಡಿನ ಗೆಳೆಯನೊಬ್ಬ ಅಪ್ಪನನ್ನು ಸಬೆಗೆ ಕರೆದುಕೊಂಡು ಹೋದ. ಅಲ್ಲಿ ಎಲ್ಲರೂ ಪ್ರಾರ್ಥನೆಗೆ ಕೂಡುವ ಮನೆಯನ್ನು, ಕೂಡುವ ಜನರನ್ನು, ಎರಡನ್ನೂ ಸಬೆ ಎಂದೇ ಕರೆಯುತ್ತಿದ್ದರು. ಗುರುತು ಪರಿಚಯವಿಲ್ಲದ ಹೆಂಗಸರು ಸಾಮುವಿನ ತಲೆ ಮುಟ್ಟಿ ಅತ್ತರು. ನನ್ನ ಅಪ್ಪನನ್ನು ಅಲ್ಲಿಯವರೆಗೆ ಯಾರೂ ಹಾಗೆ ಅತ್ತು ಸ್ವಾಗತಿಸಿರಲಿಲ್ಲ. ಮಾತ್ರೆಯೂ ನಡೆಯುತ್ತಿತ್ತು, ಪ್ರಾರ್ಥನೆಯೂ. ಫಿಟ್ಸ್ ನಿಂತಿತು. ನಮಗೆಲ್ಲ ಜ್ಞಾನಸ್ನಾನವಾಯಿತು. ಈಶ್ವರಿಯಾಗಿದ್ದ ನಾನು ಎಸ್ತರ್ ಆದೆ. ಅಪ್ಪ ತನ್ನ ತಾಯಿಯ ಮನೆ ಬಿಟ್ಟು ಈ ಲೈನ್ ಮನೆಗೆ ಬಂದ. ಬರುವಾಗ ಅವ್ವನಿಗೂ, ಎಂದರೆ ನನ್ನ ಅಜ್ಜಿಗೂ, ಅವನಿಗೂ ಆದ ಜಗಳವನ್ನು ನಾನು ಹಿತ್ತಲಲ್ಲಿ ನಿಂತು ಕೇಳಿದ್ದೆ.

“ಎದೆ ಸೀಳ್ಕೊಂಡು ಕರೆದ್ಯಲ್ಲೋ ಅವ್ಳನ್ನ, ಈಗ ತಿರುಗಿ ಕೂಡ ನೋಡಲ್ವಾ?” ಎಂದಳು ಅವ್ವ.

“ನೋಡಲ್ಲ. ಆ ಚೌಡಮ್ಮನ ಪಟ ಇರೋ ತನಕ ಈ ಹೊಸ್ತಿಲು ನಾನು ತುಳಿಯಲ್ಲ, ನನ್ನ ಹೆಂಡ್ತಿ ಮಕ್ಳೂ ತುಳಿಯಲ್ಲ.”

ನಮ್ಮ ಸಬೆಯಲ್ಲಿ ಕ್ರಿಸ್‌ಮಸ್ಸಿನ ಬೆಳಗಿನ ಆರಾಧನೆಗೆ ಒಂದು ಪದ್ಧತಿಯಿತ್ತು. ಪ್ರತಿ ಕುಟುಂಬವೂ ಮಕ್ಕಳು ಮರಿಗಳ ಸಮೇತ ಮುಂದೆ ಬಂದು ಸಾಲಾಗಿ ನಿಂತು, ಕಳೆದ ವರ್ಷವಿಡೀ ಕರ್ತರು, ಎಂದರೆ ಯೇಸಪ್ಪ, ತಮಗೆ ಏನೇನು ಮಾಡಿದರು ಎಂದು ಮೈಕಿನಲ್ಲಿ ಹೇಳಬೇಕು. ಅದಕ್ಕೆ ವರ್ಷದ ಸಾಕ್ಷಿ ಎಂದು ಹೆಸರು. ಹೊಸ ಕುಟುಂಬಗಳಿಗೆ ಮೊದಲ ಸರದಿ. ನಮ್ಮ ಮೊದಲ ಕ್ರಿಸ್‌ಮಸ್ಸಿನಲ್ಲಿ ಅಪ್ಪ ಸಾಮುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಕ್ಷಿ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ದನಿ ಏರಿತು, ಕಣ್ಣಲ್ಲಿ ನೀರು ಬಂತು. ಇದ್ದಕ್ಕಿದ್ದಂತೆ ಜೇಬಿಗೆ ಕೈ ಹಾಕಿ ಮಾತ್ರೆಯ ಪಟ್ಟಿಯನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಇನ್ನು ನನ್ನ ಮಗನಿಗೆ ಇದು ಬೇಡ, ಕರ್ತರೇ ಸಾಕು ಎಂದು ತಮಿಳಿನಲ್ಲಿ ಕೂಗಿ ಅದನ್ನು ಪಾಸ್ಟರರ ಕೈಗೆ ಕೊಟ್ಟುಬಿಟ್ಟ. ಜನ ಎದ್ದು ನಿಂತು ‘ಸ್ತೋತ್ರಂ, ಸ್ತೋತ್ರಂ’ ಎಂದು ಚಪ್ಪಾಳೆ ತಟ್ಟಿದರು. ಪಾಸ್ಟರ್ ಒಳ್ಳೆಯ ಮುದುಕ. ಅವರು ಕೇಳಿದ್ದೂ ಅಲ್ಲ, ಕೊಡು ಎಂದದ್ದೂ ಅಲ್ಲ. ಆ ಪಟ್ಟಿಯನ್ನು ಹಿಡಿದು ತಬ್ಬಿಬ್ಬಾಗಿ, ಡಾಕ್ಟರನ್ನ ಕೇಳಿದೆಯಾ ತಂಬಿ ಎಂದರು. ಮುಂದೆ ನಿಂತಿದ್ದ ನನಗೆ ಅದು ಕೇಳಿಸಿತು. ಅಪ್ಪನಿಗೆ ಆ ಗದ್ದಲದಲ್ಲಿ ಕೇಳಿಸಲಿಲ್ಲ. ಅಮ್ಮ ನನ್ನ ಪಕ್ಕದಲ್ಲಿದ್ದಳು. ಚಪ್ಪಾಳೆ ತಟ್ಟಲೆಂದು ಎತ್ತಿದ ಅವಳ ಕೈ ಹಾಗೇ ನಿಂತುಬಿಟ್ಟಿತ್ತು.

ಮನೆಗೆ ಬಂದ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು. ಅವಳು ಅಪ್ಪನನ್ನು ಆ ಕಡೆಯ ಹೆಂಗಸರೆಲ್ಲ ಗಂಡನನ್ನು ಕರೆಯುವ ಹಾಗೆ ‘ಏನುಂಗ’ ಎಂದು ಕರೆಯುತ್ತಿದ್ದಳು.

“ಏನುಂಗ, ಡಾಕ್ಟ್ರು ನಿಲ್ಲಿಸ್ಬೇಡಿ ಅಂದಿದ್ರಲ್ಲಾ?”

“ಅಷ್ಟು ಜನರ ಮುಂದೆ ದೇವ್ರಿಗೆ ಹೇಳ್ಬುಟ್ಟಿದ್ದೀನಿ. ಇನ್ನು ಈ ಮನೆಯೊಳಗೆ ಮಾತ್ರೆ ಬಂತು ಅಂದ್ರೆ ನಾನು ಸುಳ್ಳುಗಾರ. ಮನುಷ್ಯರ ಮುಂದೆ ಸುಳ್ಳುಗಾರ ಆಗ್ಬೌದು, ಅವನ ಮುಂದೆ ಆಗಕ್ಕಾಗಲ್ಲ.”

ಪೊಂಗಲ್‌ಗೂ ಮೊದಲೇ ಫಿಟ್ಸ್ ಬಂತು. ಅಪ್ಪ ಶೆಡ್ಡಿನಲ್ಲಿದ್ದ. ಸಾಮು ನೆಲದ ಮೇಲೆ ಆಟವಾಡುತ್ತಿದ್ದವನು ಇದ್ದಕ್ಕಿದ್ದಂತೆ ಸೆಟೆದುಕೊಂಡ. ಕಣ್ಣು ಮೇಲೆ ಹೋಯಿತು, ಬಾಯಿಯಿಂದ ನೊರೆ ಬಂತು. ಅಮ್ಮ ಅವನ ಪಕ್ಕದಲ್ಲಿ ಮೊಣಕಾಲೂರಿ ಯೇಸಪ್ಪಾ, ಯೇಸಪ್ಪಾ ಎಂದು ಕಿರುಚಿದಳು. ಮಗ್ಗದ ಸದ್ದಿನಲ್ಲಿ ಅವಳ ಕೂಗು ನನಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದೇ ಹೊತ್ತಿಗೆ ಅವ್ವ ಬಂದಳು. ಯಾವುದೋ ಜಗಳ ಆಡಲೆಂದೇ ಬಸ್ಸು ಹತ್ತಿ ಬಂದಿದ್ದಳು ಎಂದು ನನ್ನ ಗುಮಾನಿ, ಮುಖ ಹಾಗಿತ್ತು. ಬಾಗಿಲಲ್ಲಿ ನಿಂತು ನೋಡಿದವಳು ಚೀಲ ಬಿಸಾಕಿ ಒಳಗೆ ನುಗ್ಗಿ, ಅಮ್ಮನನ್ನು ಪಕ್ಕಕ್ಕೆ ತಳ್ಳಿ, ಸಾಮುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಹಿಡಿದಳು. ಅಂಗಿಯ ಗುಂಡಿ ಬಿಚ್ಚಿದಳು. ಸುಮ್ಮನೆ ಕಾದಳು. ಅವನು ಸಡಿಲಾಗಿ, ಉಸಿರು ಸರಿಹೋಗಿ, ನಿದ್ದೆಗೆ ಜಾರಿದ ಮೇಲೆ ತಲೆ ಎತ್ತಿದಳು.

“ಮಾತ್ರೆ ಎಲ್ಲಿ?”

“ಇಲ್ಲ ಅತ್ತೆ. ಸಬೇಲಿ ಕೊಟ್ಬುಟ್ರು.”

“ಸಬೇಲಿ ಯಾರಿಗೆ ಫಿಟ್ಸ್ ಬರ್ತೈತೆ?”

ಅಮ್ಮ ಅಳತೊಡಗಿದಳು. ಅವ್ವ ಸಮಾಧಾನ ಮಾಡಲಿಲ್ಲ. ಎದ್ದು, ಚೀಲ ಎತ್ತಿಕೊಂಡು, ನೀರು ಕೂಡ ಕುಡಿಯದೆ ಹೊರಟಳು. ಸಾಮುವಿನ ಆಸ್ಪತ್ರೆಯ ಚೀಟಿ ಹಳೆಯ ಮನೆಯಲ್ಲೇ ಉಳಿದಿತ್ತು. ಓದಲು ಬಾರದ ಹೆಂಗಸು, ಕೊಯಮತ್ತೂರಿಗೆ ಯಾವತ್ತೂ ಒಬ್ಬಳೇ ಹೋದವಳಲ್ಲ, ಮರುದಿನ ಆ ಚೀಟಿ ಹಿಡಿದು ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಂತಳು. ಆಮೇಲೆ ಪ್ರತಿ ಅಮಾವಾಸ್ಯೆ ಕಳೆದ ಮೇಲೆ ಒಂದು ದಿನ ಬಸ್ಸಿಳಿದು ಬಂದು ನಮ್ಮ ಹೊಸ್ತಿಲ ಹೊರಗೆ ಕೂರುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ಆ ತಿಂಗಳ ಮಾತ್ರೆಯನ್ನು ಅಮ್ಮನ ಕೈಗೆ ಹಾಕುತ್ತಿದ್ದಳು. ಅತ್ತೆ ಸೊಸೆ ಹೆಚ್ಚು ಮಾತಾಡುತ್ತಿರಲಿಲ್ಲ. ಅವ್ವ ನನ್ನನ್ನು ಈಶ್ವರೀ ಎಂದು ಕರೆಯುತ್ತಿದ್ದಳು; ಆ ಹೆಸರಿಗೆ ಓಗೊಟ್ಟರೆ ಪಾಪವೋ ಎಂಬ ಹೆದರಿಕೆಯಲ್ಲಿ ನಾನು ಬಾಯಿಬಿಡದೆ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅವಳು ಬಂದುಹೋಗುವುದು ಅಪ್ಪನಿಗೂ ಗೊತ್ತಿತ್ತು. ಮೊಮ್ಮಕ್ಕಳನ್ನು ನೋಡಲು ಬರುತ್ತಾಳೆ ಎಂದುಕೊಂಡು, ಅವಳು ಎದ್ದು ಹೋಗುವವರೆಗೆ ಶೆಡ್ಡಿನಿಂದ ಹೊರಗೆ ತಲೆ ಹಾಕುತ್ತಿರಲಿಲ್ಲ. ತಾಯಿಯೂ ಮಗನೂ ಹಟದಲ್ಲಿ ಒಂದೇ ಅಚ್ಚು.

ಹೀಗೆ ಆ ವರ್ಷ ನಡೆಯಿತು. ನಾನು ಎರಡು ಕಡೆಯಿಂದಲೂ ಹೆದರಿದೆ. ಚೌಡಮ್ಮನನ್ನು ಬಿಟ್ಟು ಬಂದದ್ದಕ್ಕೆ ಅವಳು ಸಾಮುವನ್ನು ಹಿಡಿಯುತ್ತಾಳೆ ಎಂದು ಒಂದು ಹೆದರಿಕೆ. ಯೇಸಪ್ಪನಿಗೆ ತಿಳಿಯದಂತೆ ಮಾತ್ರೆ ಕೊಡುತ್ತಿದ್ದೇವೆ, ಅವನು ಕೋಪಿಸಿಕೊಂಡು ಫಿಟ್ಸ್ ವಾಪಸು ಕಳಿಸುತ್ತಾನೆ ಎಂದು ಇನ್ನೊಂದು. ಭಾನುವಾರದ ಮಕ್ಕಳ ಕ್ಲಾಸಿನಲ್ಲಿ ಪಾಸ್ಟರರ ಹೆಂಡತಿ ಪಾಠ ಹೇಳುತ್ತಿದ್ದರು. ಕತ್ತಲೆಯಲ್ಲಿರುವುದೂ ದೇವರಿಗೆ ಕಾಣುತ್ತದೆ, ಪೆಟ್ಟಿಗೆಯೊಳಗಿರುವುದೂ ಕಾಣುತ್ತದೆ ಎಂದರು. ನಾನು ಕೈ ಎತ್ತಿ, ಬಾಳೆಹಣ್ಣಿನೊಳಗೆ ಇರುವುದೂ ಕಾಣುತ್ತದಾ ಎಂದು ಕೇಳಿದೆ. ಅವರು ನಕ್ಕು ಬಾಳೆಹಣ್ಣಿನೊಳಗೂ ಕಾಣುತ್ತದೆ ಎಂದರು. ಮಕ್ಕಳೆಲ್ಲ ನಕ್ಕರು. ಅವತ್ತಿನಿಂದ ಅಮ್ಮ ಮಾತ್ರೆ ಕೊಡುವಾಗಲೆಲ್ಲ ಬಾಗಿಲಲ್ಲಿ ಕೂತು, ಬೀದಿಯನ್ನು ನೋಡುತ್ತಲೇ ಒಳಗೊಳಗೇ, ಕೋಪ ಮಾಡ್ಕೋಬೇಡ, ಅರ್ಧವೇ ಕೊಡ್ತಿರೋದು ಎಂದು ಯೇಸಪ್ಪನಿಗೆ ಸಮಜಾಯಿಷಿ ಹೇಳುತ್ತಿದ್ದೆ.

ಇನ್ನೂ ಕಷ್ಟವಾಗುತ್ತಿದ್ದದ್ದು ಅಪ್ಪನ ಸಂತೋಷ. ಸಂಜೆಯ ಕುಟುಂಬ ಪ್ರಾರ್ಥನೆಗೆ ಚಾಪೆ ಹಾಸಿದಾಗ ಅವನು ಸಾಮುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ನೋಡು, ಒಂದು ಮಾತ್ರೆ ಇಲ್ಲ, ಒಂದು ಫಿಟ್ಸ್ ಇಲ್ಲ ಎಂದು ಅವನ ನೆತ್ತಿಗೆ ಮುತ್ತಿಡುತ್ತಿದ್ದ. ಶೆಡ್ಡಿನಲ್ಲಿ, ಟೀ ಅಂಗಡಿಯಲ್ಲಿ, ಕಾಯಿಲೆ ಬಿದ್ದವರ ಮನೆಗಳಲ್ಲಿ, ಎಲ್ಲೆಲ್ಲೂ ಇದನ್ನೇ ಹೇಳುತ್ತಿದ್ದ. ಅವನು ಹೇಳಿದಷ್ಟೂ ಅಮ್ಮನಿಗೆ ಬಾಯಿ ಕಟ್ಟುತ್ತಾ ಹೋಯಿತು. ಒಮ್ಮೆ ಅನ್ನ ಬಡಿಸುತ್ತಾ ಅವಳು, ಡಾಕ್ಟರ ಹತ್ತಿರ ಸುಮ್ನೆ ಒಂದ್ಸಲ ತೋರಿಸಿಕೊಂಡು ಬರೋಣ್ವಾ ಎಂದಳು. ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. ಕೂಗಾಡಲಿಲ್ಲ. ನಿನಗೆ ನಂಬಿಕೆ ಇಲ್ವಾ ಎಂದು ಕೇಳಿ, ಕೈ ತೊಳೆದು ಎದ್ದ. ಅವನು ಊಟ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಮ್ಮ ಆಮೇಲೆ ಆ ಮಾತು ಎತ್ತಲಿಲ್ಲ.

ಡಿಸೆಂಬರ್ ಬಂತು. ಸಬೆಯ ಹುಡುಗರು ಬಂದು ನಮ್ಮ ಶೀಟಿನ ಅಂಚಿಗೆ ಕಾಗದದ ನಕ್ಷತ್ರ ಕಟ್ಟಿದರು. ಅಮ್ಮ ಚಕ್ಕುಲಿಯಂಥ ಮುರುಕು ಕರಿದಳು, ಅಪ್ಪ ಗೋಡೆಗೆ ಸುಣ್ಣ ಬಳಿದ. ಅಮಾವಾಸ್ಯೆ ಕಳೆಯಿತು, ಅವ್ವ ಬರಲಿಲ್ಲ. ಅಮ್ಮ ದಿನವೂ ಬಸ್ಸು ಬರುವ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ಹೊರಗೆ ಬಂದು ನಿಲ್ಲುತ್ತಿದ್ದಳು. ಬಸ್ಸು ನಿಂತು, ಯಾರ್‍ಯಾರೋ ಇಳಿದು, ಮುಂದೆ ಹೋಗುತ್ತಿತ್ತು. ಅವ್ವನ ಊರಿಂದ ನೂಲು ತರುವ ವ್ಯಾನಿನವನು ಒಂದು ದಿನ, ನಿಮ್ಮ ಊರಲ್ಲಿ ಮನೆಮನೆಗೂ ಕೀಲು ಹಿಡಿಯುವ ಜ್ವರ, ಜನ ಹಾಸಿಗೆ ಬಿಟ್ಟು ಏಳುತ್ತಿಲ್ಲ ಎಂದ. ಆಸ್ಪತ್ರೆಯ ಚೀಟಿ ಅವ್ವನ ಹತ್ತಿರವೇ ಇತ್ತು; ಅಮ್ಮ ಅರ್ಧ ಮಾತ್ರೆಯನ್ನು ಕಾಲು ಮಾಡಿದಳು. ಬೆಳಿಗ್ಗೆಯದನ್ನು ಬಿಟ್ಟು ಸಂಜೆಯದನ್ನಷ್ಟೇ ಕೊಟ್ಟಳು. ಆಮೇಲೆ ಒಂದು ಸಂಜೆ ಚಮಚವನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟಳು. ನೀನಿನ್ನು ಬಾಗಿಲಲ್ಲಿ ಕೂರೋದು ಬ್ಯಾಡ ಕಣ್ಣು ಎಂದು, ಆ ಕಡೆ ಮಕ್ಕಳನ್ನು ಮುದ್ದಿಗೆ ಕರೆಯುವ ಹಾಗೆ, ನನಗೆ ಹೇಳಿದಳು. ನನಗೆ ಆಗ ಆದಷ್ಟು ಭಯ ಬಾಗಿಲಲ್ಲಿ ಕೂತಾಗ ಯಾವತ್ತೂ ಆಗಿರಲಿಲ್ಲ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅಪ್ಪ ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿದ. ಮರುದಿನ ಮೈಕಿನ ಮುಂದೆ ತಡವರಿಸಬಾರದೆಂದು ಮನೆಯಲ್ಲೇ ಒಂದು ಸಲ ವರ್ಷವನ್ನು ನೆನೆಯೋಣ ಎಂದ. ಹೊಸ ಸುಣ್ಣದ ವಾಸನೆ, ಮುರುಕಿನ ಎಣ್ಣೆಯ ವಾಸನೆ ಕೋಣೆಯಲ್ಲಿ ತುಂಬಿತ್ತು. ಸಾಮು ಅಮ್ಮನ ತೊಡೆಯ ಮೇಲಿದ್ದ. ಅವನ ಕಣ್ಣು ಕೆಂಪಾಗಿತ್ತು. ಅಮ್ಮ ಅವನ ಕುತ್ತಿಗೆಯ ಮೇಲೆ ಇಟ್ಟ ಕೈಯನ್ನು ತೆಗೆದಿರಲಿಲ್ಲ.

“ಮೊದಲು ನೀನು ಹೇಳಮ್ಮಾ ಎಸ್ತರ್. ಈ ವರ್ಷ ಕರ್ತರು ನಿನಗೇನು ಮಾಡಿದ್ರು?”

“ಮೂರನೇ ಕ್ಲಾಸ್ ಪಾಸ್ ಮಾಡ್ಸಿದ್ರು. ಹೊಸ ಫ್ರಾಕ್ ಕೊಟ್ರು.”

“ಹೂಂ. ಸಾಮು, ನೀನು ಹೇಳೋ.”

“ಅಮ್ಮನ ಸಕ್ಕರೆ,” ಎಂದ ಸಾಮು.

ಅಮ್ಮನ ಬೆರಳುಗಳು ಅವನ ಕುತ್ತಿಗೆಯ ಮೇಲೆ ಬಿಗಿಯಾದದ್ದನ್ನು ನೋಡಿದೆ. ಅಪ್ಪ ಜೋರಾಗಿ ನಕ್ಕ. ಸಕ್ಕರೆ ಕೊಟ್ಟ ದೇವರಿಗೆ ಸ್ತೋತ್ರಂ, ಹಲ್ಲು ಕೂಡ ಅವನೇ ಕಾಪಾಡ್ಲಿ ಎಂದು ಅವನ ಕೆನ್ನೆ ಹಿಂಡಿದ. ಮೈ ಸ್ವಲ್ಪ ಬಿಸಿ ಇದೆಯಲ್ಲ ಎಂದೂ ಹೇಳಿದ. ಅಮ್ಮ ಅದನ್ನೇ ಕಾಯುತ್ತಿದ್ದವಳಂತೆ ಮಾತು ತೆಗೆದಳು.

“ಏನುಂಗ, ನಾನೊಂದು ಹೇಳ್ಬೇಕು.”

ಅಪ್ಪನ ಮುಖ ಅರಳಿತು. ಸಬೆ ಸೇರಿದಾಗಿನಿಂದ ಅಮ್ಮ ಒಮ್ಮೆಯೂ ಸಾಕ್ಷಿ ಹೇಳಿರಲಿಲ್ಲ. ನಾಲ್ಕು ಜನರ ಮುಂದೆ ಅವಳಿಗೆ ತಮಿಳು ಬರುತ್ತಿರಲಿಲ್ಲ. ಅದು ಅಪ್ಪನಿಗೆ ಒಳಗೊಳಗೇ ಒಂದು ಕೊರಗು. ಅವನು ಎರಡೂ ಕೈ ಎತ್ತಿ ಅವಳನ್ನು ತಡೆದ.

“ಇಲ್ಲಿ ಬ್ಯಾಡ, ಇಲ್ಲಿ ಬ್ಯಾಡ. ಎಷ್ಟು ದಿನದಿಂದ ಕಾಯ್ತಿದ್ದೀನಿ ಗೊತ್ತಾ ನೀನು ಬಾಯಿ ಬಿಡ್ಲಿ ಅಂತ? ಏನಿದ್ರೂ ನಾಳೆ ಸಬೇಲಿ ಹೇಳು. ದೇವ್ರ ಮುಂದೆ, ಎಲ್ಲಾರ ಮುಂದೆ ಹೇಳು.”

“ಇವತ್ತೇ ಹೇಳ್ಬೇಕುಂಗ.”

“ನಾಳೆ,” ಎಂದು ಅಪ್ಪ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ.

ಬೆಳಿಗ್ಗೆ ನಾವು ಟಿವಿಎಸ್ ಮೊಪೆಡ್ಡಿನಲ್ಲಿ ಸಬೆಗೆ ಹೋದೆವು. ನಾನು ಮುಂದೆ ಅಪ್ಪನ ಕೈಗಳ ನಡುವೆ ನಿಂತಿದ್ದೆ, ಅಮ್ಮ ಹಿಂದೆ ಸಾಮುವನ್ನು ಹೊಸ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಮಗ್ಗಗಳಿಗೆ ಅವತ್ತು ರಜೆಯಿರಲಿಲ್ಲ. ರಸ್ತೆಯುದ್ದಕ್ಕೂ ಶೆಡ್ಡುಗಳ ಸದ್ದು ನಮ್ಮ ಜೊತೆಗೆ ಬಂತು. ಸಬೆಯ ಒಳಗೆ ಬಣ್ಣದ ಕಾಗದ, ಬಲೂನು, ಎಲ್ಲರ ಮೈಯಿಂದಲೂ ಹೊಸ ಬಟ್ಟೆಯ ಗಂಜಿಯ ವಾಸನೆ. ನಾನು ಯಾವುದನ್ನೂ ಸರಿಯಾಗಿ ನೋಡಲಿಲ್ಲ, ಸಾಮುವನ್ನೇ ನೋಡುತ್ತಿದ್ದೆ. ಅವನು ಬಲೂನಿಗೆ ಕೈ ಚಾಚಲಿಲ್ಲ. ಹಾಡು ಮುಗಿದು ಸಾಕ್ಷಿಗಳು ಶುರುವಾದವು. ಒಬ್ಬರಿಗೆ ಮನೆ ಕಟ್ಟಿದ ಕೃಪೆ, ಇನ್ನೊಬ್ಬರಿಗೆ ಮಗಳಿಗೆ ಗಂಡು ಸಿಕ್ಕ ಕೃಪೆ. ಪ್ರತಿಯೊಂದಕ್ಕೂ ಜನ ಸ್ತೋತ್ರಂ ಎನ್ನುತ್ತಿದ್ದರು. ನಮ್ಮ ಹೆಸರು ಕರೆದಾಗ ಅಮ್ಮ ನನ್ನ ತೋಳು ಹಿಡಿದು ಎಬ್ಬಿಸಿದಳು. ಅಪ್ಪ ಬಿಳಿ ಅಂಗಿಯಲ್ಲಿ ಮೈಕ್ ಹಿಡಿದು ನಿಂತ. ಹೋದ ವರ್ಷ ಇದೇ ಜಾಗದಲ್ಲಿ ಮಾತ್ರೆ ಕೊಟ್ಟದ್ದನ್ನು ನೆನಪಿಸಿದ. ಈ ವರ್ಷವೆಲ್ಲ ನನ್ನ ಮಗನ ಬಾಯಿಗೆ ಒಂದೇ ಒಂದು ಮಾತ್ರೆ, ಎಂದು ಅವನು ಶುರುಮಾಡುವಷ್ಟರಲ್ಲಿ ಅಮ್ಮ ಅವನ ಅಂಗಿಯ ತೋಳನ್ನು ಹಿಡಿದೆಳೆದಳು.

ಅಪ್ಪ ತಿರುಗಿ ನೋಡಿ, ನಗುತ್ತಾ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದ. ಸಬೆಯಲ್ಲೇ ಹೇಳು ಎಂದು ಹಿಂದಿನ ಸಂಜೆ ತಾನೇ ಹೇಳಿದ್ದನಲ್ಲ. ಅಮ್ಮ ತಮಿಳಿನಲ್ಲಿ ಎಲ್ಲಾರಿಗೂ ಸ್ತೋತ್ರಂ ಎಂದಳು. ಮುಂದಿನ ಮಾತು ತಮಿಳಿನಲ್ಲಿ ಬರಲಿಲ್ಲ. ಸಾಮುವಿನ ಕೆನ್ನೆಗೆ ತನ್ನ ಕೆನ್ನೆ ತಾಗಿಸಿದಳು. ಆಮೇಲೆ ಆ ತುಂಬಿದ ಸಬೆಯಲ್ಲಿ, ಅಲ್ಲಿ ನಮ್ಮನ್ನು ಬಿಟ್ಟು ಇನ್ಯಾರಿಗೂ ಅರ್ಥವಾಗದ ನಮ್ಮ ಮನೆಯ ಕನ್ನಡದಲ್ಲಿ, ಅಪ್ಪನನ್ನೇ ನೋಡುತ್ತಾ ಹೇಳಿದಳು.

“ನಾನು ಮಾತ್ರೆ ಕೊಟ್ಟೆ. ದಿನಾ ಕೊಟ್ಟೆ. ನೀವು ನಿಲ್ಲಿಸಿದ ಮೇಲೆ ಫಿಟ್ಸ್ ಬಂದಿತ್ತು, ನಿಮಗೆ ಹೇಳ್ಲಿಲ್ಲ. ನಿಮ್ಮವ್ವ ತಂದ್ಕೊಡ್ತಿದ್ರು. ಈ ತಿಂಗ್ಳು ಅವ್ರು ಬರ್ಲಿಲ್ಲ, ಮಾತ್ರೆ ಮುಗ್ದೋಯ್ತು. ಮಗು ಮೈ ಸುಡ್ತೈತೆ. ಕರ್ತರು ಕಾಪಾಡಿದ್ರು, ಇಲ್ಲ ಅನ್ನಲ್ಲ. ಆದ್ರೆ ನಾನು ಮಾತ್ರೆ ಕೊಟ್ಟಿದ್ದೆ. ನನಗೆ ಹೆದ್ರಿಕೆ ಆಗ್ತೈತುಂಗ. ಇವ್ನು ಹೋಗ್ಬುಡ್ತಾನೆ.”

ಜನ ಅರ್ಧ ಎತ್ತಿದ ಕೈಗಳನ್ನು ಹಾಗೇ ಹಿಡಿದು ಕಾಯುತ್ತಿದ್ದರು. ಅವರಿಗೆ ತಿಳಿದದ್ದು ಮಾತ್ರೆ, ಫಿಟ್ಸ್, ಕರ್ತರು ಎಂಬ ಬಿಡಿ ಮಾತುಗಳಷ್ಟೇ, ಹೋದ ವರ್ಷದ ಸಾಕ್ಷಿಯೇ ಎಂದುಕೊಂಡಿರಬೇಕು. ಪಾಸ್ಟರ್ ಮುಂದೆ ಬಾಗಿ ಕೇಳಿದರು.

“ಸಿಸ್ಟರ್ ಎನ್ನ ಸೊಲ್ರಾಂಗ, ತಂಬಿ?”

ಅವಳು ಏನು ಹೇಳುತ್ತಿದ್ದಾಳೆಂದು ಇಡೀ ಸಬೆಗೆ ಹೇಳಬೇಕಾದವನು ಈಗ ಅಪ್ಪನೇ. ನಾನು ಅವನ ಮುಖ ನೋಡಿದೆ. ಅವನು ಏನು ಬೇಕಾದರೂ ಹೇಳಬಹುದಿತ್ತು. ವರ್ಷವೆಲ್ಲ ಕಾಪಾಡಿದ್ದಕ್ಕೆ ಸ್ತೋತ್ರಂ ಹೇಳುತ್ತಿದ್ದಾಳೆ ಎಂದರೆ ಸಾಕಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಹೇಳಿಬಿಡಲಿ ಎಂದು ನಾನು ಬೇಡಿಕೊಂಡೆ, ಹಾಗೆ ಹೇಳಿದರೆ ಸಾಮು ಸಾಯುತ್ತಾನೆ ಎಂದೂ ಅನ್ನಿಸಿ ಅಳು ಬಂತು. ಮೈಕಿನಲ್ಲಿ ಅಪ್ಪನ ಉಸಿರು ಕೇಳಿಸುತ್ತಿತ್ತು. ಅವನು ಸಾಮುವಿನ ಹಣೆಯ ಮೇಲೆ ಅಂಗೈ ಇಟ್ಟು ನೋಡಿದ.

“ಅವ ಸೊಲ್ರದೆಲ್ಲಾ ನೆಜಂಗ,” ಎಂದ ಕೊನೆಗೆ.

ಅವಳು ಹೇಳುವುದೆಲ್ಲ ನಿಜ. ಅಷ್ಟೇ. ನಿಜ ಎಂದ ಮೇಲೆ ಸ್ತೋತ್ರಂ ಹೇಳುವುದು ವಾಡಿಕೆ, ಜನ ಎಲ್ಲರೂ ಒಟ್ಟಿಗೆ ಸ್ತೋತ್ರಂ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಅಪ್ಪ ಮೈಕನ್ನು ಪಾಸ್ಟರರ ಕೈಗೆ ಕೊಟ್ಟು, ಸಾಮುವನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಬಂದ. ಅಷ್ಟು ಬೆಳಿಗ್ಗೆ ಹತ್ತಿರದಲ್ಲಿ ಒಂದು ಮೆಡಿಕಲ್ ಶಾಪೂ ತೆರೆದಿರಲಿಲ್ಲ, ಕೊಯಮತ್ತೂರಿನ ಆಸ್ಪತ್ರೆ ದೂರ. ಅವ್ವನ ಹತ್ರ ಇದೆಯಾ ಎಂದು ಅಮ್ಮನನ್ನು ಕೇಳಿದ. ಇರುತ್ತೆ, ಅವರು ಒಂದು ತಿಂಗಳದ್ದು ಮುಂಚೆಯೇ ತಂದಿಟ್ಟುಕೊಳ್ಳುತ್ತಾರೆ ಎಂದಳು ಅಮ್ಮ. ಅವನು ಮೊಪೆಡ್ ತಿರುಗಿಸಿದ. ದಾರಿಯುದ್ದಕ್ಕೂ ಅವನ ಗಲ್ಲ ನನ್ನ ತಲೆಗೆ ತಾಗುತ್ತಿತ್ತು. ಅವನು ಏನೋ ಗೊಣಗುತ್ತಿದ್ದ, ಪ್ರಾರ್ಥನೆಯೋ ಬೈಗುಳವೋ ಗಾಳಿಯಲ್ಲಿ ತಿಳಿಯಲಿಲ್ಲ. ಹಿಂದಿನಿಂದ ಅಮ್ಮ, ಕೈ ಅದುರ್ತೈತುಂಗ, ಸಾಮು ಕೈ ಅದುರ್ತೈತೆ, ಬೇಗ ಹೋಗಿ ಎಂದಳು. ಸಾಮುವಿಗೆ ಇದೊಂದೂ ನೆನಪಿಲ್ಲ. ಈಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದಾನೆ, ಹಬ್ಬಕ್ಕೆ ಸೇರಿದಾಗಲೆಲ್ಲ ಆ ಬೆಳಗಿನ ಕಥೆ ಹೇಳಕ್ಕಾ ಎಂದು ಪೀಡಿಸುತ್ತಾನೆ. ಈ ದಾರಿಯವರೆಗೆ ನಾನು ನಗಿಸುತ್ತಾ ಹೇಳಬಲ್ಲೆ. ಇಲ್ಲಿಂದ ಮುಂದೆ ನನಗೆ ನಗು ಬರುವುದಿಲ್ಲ.

ಅವ್ವನ ಮನೆಯ ಬಾಗಿಲು ಒರಗಿಸಿತ್ತು. ಅವಳ ಜೊತೆಗಿದ್ದ ಚಿಕ್ಕಪ್ಪ ಚಿಕ್ಕಮ್ಮ ಬೆಳಗಿನ ಪಾಳಿಯ ಕೆಲಸಕ್ಕೆ ಹೋಗಿದ್ದರು. ಅಪ್ಪ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತ, ಆಮೇಲೆ ದಾಟಿದ. ಒಳಗೆ ಹಗ್ಗದ ಮಂಚದ ಮೇಲೆ ಅವ್ವ ಕಂಬಳಿ ಹೊದ್ದು ಮಲಗಿದ್ದಳು. ಬೆರಳಿನ ಗೆಣ್ಣುಗಳೆಲ್ಲ ಊದಿ ಅವಳ ಕೈ ಅವಳದೇ ಎನ್ನುವ ಹಾಗಿರಲಿಲ್ಲ. ಅವಳು ನಮ್ಮನ್ನು ನೋಡಿದಳು, ಅಪ್ಪನ ಕೈಯಲ್ಲಿದ್ದ ಸಾಮುವನ್ನು ನೋಡಿದಳು. ಏಳಲು ಹೋಗಿ, ನೋವಿಗೆ ಮುಖ ಕಿವುಚಿ, ಮತ್ತೆ ಬಿದ್ದುಕೊಂಡಳು.

“ಅವ್ವಾ, ಮಾತ್ರೆ,” ಎಂದ ಅಪ್ಪ. ಆ ಜಗಳದ ದಿನದ ನಂತರ ಅವಳ ಜೊತೆ ಅವನಾಡಿದ ಮೊದಲ ಮಾತು ಇದು.

“ನನ್ಗೆ ಎದ್ದೇಳಕ್ಕೆ ಆಗ್ತಿಲ್ಲ. ತಾಯಿ ಪಟದ ಹಿಂದೆ ಐತೆ, ತಗೋ.”

ಗೋಡೆಯ ಮಾಡದಲ್ಲಿ ಚೌಡಮ್ಮನ ಪಟವಿತ್ತು. ಮುಂದೆ ದೀಪ ಉರಿಯುತ್ತಿತ್ತು. ಅಷ್ಟು ಊದಿದ ಕೈಯಲ್ಲಿ ಅವ್ವ ಅದನ್ನು ಹೇಗೆ ಹಚ್ಚಿದ್ದಳೋ ಗೊತ್ತಿಲ್ಲ. ಅಪ್ಪ ನಿಂತಲ್ಲೇ ನಿಂತ. ಆ ಪಟವನ್ನು ತಿರುಗಿ ನೋಡುವುದಿಲ್ಲ ಎಂದು ಆಣೆ ಮಾಡಿದ್ದವನು ಅದನ್ನೇ ದಿಟ್ಟಿಸಿ ನೋಡುತ್ತಿದ್ದ. ಅಮ್ಮ ನಾನ್ ತಗೋತೀನಿ ಎಂದು ಮುಂದೆ ಬಂದಳು. ಅವನು ಬ್ಯಾಡ ಎಂದು ಸಾಮುವನ್ನು ಅವಳ ಕೈಗೆ ಕೊಟ್ಟ. ಮಾಡದ ಹತ್ತಿರ ಹೋಗಿ ಕೈ ಎತ್ತಿದ, ಪಟದ ಅಂಚಿನವರೆಗೆ ಹೋದ ಕೈ ಅಲ್ಲೇ ನಿಂತಿತು. ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಅವನು ಯಾರಿಗೆ ಹೆದರುತ್ತಿದ್ದಾನೆ, ಬಿಟ್ಟು ಬಂದವಳಿಗೋ, ಸೇರಿಕೊಂಡವನಿಗೋ, ಎಂದು ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿಯದು. ನನ್ನ ಅಪ್ಪ ಹೆದರಿದ್ದನ್ನು ನಾನು ಮೊದಲ ಸಲ ನೋಡಿದೆ. ನನ್ನ ಹಾಗೆಯೇ ಹೆದರಿದ್ದ.

“ಹೆದರ್ಬ್ಯಾಡ ಕಣ್ಣು, ಕೈ ಹಾಕು,” ಎಂದಳು ಅವ್ವ ಮಲಗಿದಲ್ಲಿಂದಲೇ. “ನಿನ್ ಮಗನಿಗೇ ಅಂತ ತಾಯಿ ಇಟ್ಕೊಂಡವ್ಳೆ.”

ಅಪ್ಪ ಕೈ ಹಾಕಿದ.